ಹಳೆಯ ಮಶೀನಿಗೆ ಕನ್ನಡ ಕಟ್ಟಿದ ಅಕ್ಕಾರು

ಅಕ್ಕಾರು ನಿವೃತ್ತರಾದ ದಿನ ಕಾಲೇಜಿನ ಸಭಾಂಗಣದಲ್ಲಿ ನನ್ನ ಹೆಸರನ್ನೂ ಕೂಗಿದರು. ಎರಡು ಮಾತು ಆಡಬೇಕಿತ್ತು. ನಾನು ವೇದಿಕೆ ಹತ್ತಿ ಮೈಕಿನ ಮುಂದೆ ನಿಂತು, ಎಲ್ಲರಿಗೂ ನಮಸ್ಕಾರ ಎಂದು ಹೇಳಿ ಇಳಿದು ಬಂದೆ. ಗಂಟಲು ಕಟ್ಟಿತು, ಪಾಪ, ಎಂದು ಪ್ರಿನ್ಸಿಪಾಲರು ಮೈಕಿನಲ್ಲೇ ವಿವರಿಸಿದರು. ಸಭೆ ಚಪ್ಪಾಳೆ ತಟ್ಟಿತು. ನನ್ನ ಗಂಟಲೇನೂ ಕಟ್ಟಿರಲಿಲ್ಲ. ಒಳಗೆ ಹುಡುಕಿದರೆ ಏನೂ ಸಿಗಲಿಲ್ಲ, ಅಷ್ಟೇ. ಹೆಂಡತಿ ತೀರಿಕೊಂಡು ಆಗ ವರ್ಷವಾಗಿತ್ತು. ಅಂದಿನಿಂದ ನಾನು ಮದುವೆಗೆ ಹೋದರೂ ಮಣ್ಣಿಗೆ ಹೋದರೂ ಒಂದೇ ರೀತಿ ಕೂತು ಎದ್ದು ಬರುತ್ತಿದ್ದೆ. ಊಟದ ರುಚಿ ತಿಳಿಯುತ್ತಿತ್ತು, ಸೆಕೆ ಚಳಿ ತಿಳಿಯುತ್ತಿತ್ತು. ಉಳಿದದ್ದು ತಿಳಿಯುತ್ತಿರಲಿಲ್ಲ.

ಆ ದಿನ ಆಡದೆ ಬಂದ ಎರಡು ಮಾತನ್ನು ಈಗ ಬರೆಯುತ್ತಿದ್ದೇನೆ. ನೆನಪಾದ ಹಾಗೆ ಬರೆಯುತ್ತೇನೆ.

ನಮ್ಮದು ರೋಣದ ಕಾಲೇಜು. ನಾನು ಅಲ್ಲಿ ಗ್ರಂಥಪಾಲಕ. ಅವರು ಕಂಪ್ಯೂಟರ್ ಲ್ಯಾಬಿನವರು. ಪಾಠ ಹೇಳುವ ಹೆಂಗಸರನ್ನೆಲ್ಲ ಮೇಡಂ ಎಂದು ಕರೆದರೆ ಅವರೊಬ್ಬರನ್ನು ಮಾತ್ರ ಅಕ್ಕಾರು ಎನ್ನುತ್ತಿದ್ದರು. ನಮ್ಮ ಕಡೆ ಸಣ್ಣ ಮಕ್ಕಳ ಶಾಲೆಯ ಶಿಕ್ಷಕಿಯರಿಗೆ ಹಾಗೆ ಅನ್ನುವುದು. ಕಾಲೇಜಿನಲ್ಲಿ ಅಂದರೆ ಕೆಲವರಿಗೆ ಮುಖ ಸಣ್ಣದಾಗುತ್ತದೆ. ಇವರಿಗೆ ಏನೂ ಆಗುತ್ತಿರಲಿಲ್ಲ. ಕರೆದವರ ಕೆಲಸ ಏನು ಎಂಬುದಷ್ಟೇ ಅವರ ಲಕ್ಷ್ಯ.

ಗಜೇಂದ್ರಗಡದ ನೇಕಾರರ ಮನೆಯವರು. ದಿನವೂ ಅಲ್ಲಿಂದ ಬಸ್ಸಿಗೆ ಬಂದು ಹೋಗುತ್ತಿದ್ದರು. ಮದುವೆಯಾಗಿರಲಿಲ್ಲ, ಅಣ್ಣನ ಸಂಸಾರದ ಜೊತೆ ಇದ್ದರು. ಕೈಗಡಿಯಾರದ ಮುಖ ಮಣಿಕಟ್ಟಿನ ಒಳಬದಿಗೆ ಇರುತ್ತಿತ್ತು. ಹೊತ್ತು ನೋಡಬೇಕಾದರೆ ಯಾರಿಗೋ ಏನೋ ಕೊಡುವವರ ಹಾಗೆ ಅಂಗೈ ಮೇಲೆತ್ತುತ್ತಿದ್ದರು. ಬ್ಯಾಗಿನಲ್ಲಿ ಸೀರೆ ದಡಿಯ ಒಂದು ತುಂಡು ಬಟ್ಟೆ. ಬೆಳಿಗ್ಗೆ ಲ್ಯಾಬಿಗೆ ಬಂದವರೇ ಅದರಿಂದ ಒಂದೊಂದು ಕೀಬೋರ್ಡನ್ನೂ ತಾವೇ ಒರೆಸುತ್ತಿದ್ದರು. ಕಾಲೇಜಿನ ಸಿಪಾಯಿ ತಾನು ಒರೆಸುತ್ತೇನೆಂದರೆ, “ನೀ ಜೋರಾಗಿ ತಿಕ್ಕತೀ, ಅಕ್ಷರ ಹೋಗತಾವು” ಎನ್ನುತ್ತಿದ್ದರು.

ಅವರ ಲ್ಯಾಬಿನಲ್ಲಿ ಒಂದು ಮಾತು ದಿನಕ್ಕೆ ಹತ್ತು ಸಲವಾದರೂ ಕೇಳುತ್ತಿತ್ತು. ಯಾವನೋ ವಿದ್ಯಾರ್ಥಿ, “ಅಕ್ಕಾರ, ಎರರ್ ಬಂತ್ರಿ” ಎಂದು ಕೂಗುತ್ತಿದ್ದ.

“ಏನಂತ ಬಂತು?”

“ಎರರ್ ಅಂತ್ರಿ.”

“ಅದು ಅಷ್ಟ ಹೇಳಿ ಸುಮ್ಮನಾಗಿಲ್ಲ. ಇನ್ನೂ ಏನೋ ಬರದೈತಿ. ಓದು.”

ಅವನು ಜೋರಾಗಿ ಓದಬೇಕು. ಅರ್ಥವಾಗದಿದ್ದರೂ ಓದಬೇಕು. “ಮಶೀನ್ ಬೈಯಾಕತ್ತಿಲ್ಲೋ, ಹೇಳಾಕತ್ತೇತಿ. ಹೇಳಿದ್ದನ್ನ ಪೂರಾ ಕೇಳು ಮದಲ” ಎನ್ನುತ್ತಿದ್ದರು. ಲ್ಯಾಬಿಗೂ ಗ್ರಂಥಾಲಯಕ್ಕೂ ನಡುವೆ ಒಂದೇ ಗೋಡೆ. ವರ್ಷಗಟ್ಟಲೆ ಈ ಓದನ್ನು ಕೇಳಿಕೊಂಡೇ ನಾನು ಪುಸ್ತಕಗಳಿಗೆ ಚೀಟಿ ಅಂಟಿಸಿದ್ದೇನೆ.

ಒಮ್ಮೆ ಲ್ಯಾಬಿನ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕಲು ಪ್ರಿನ್ಸಿಪಾಲರು ತಯಾರಾದರು. ಅಕ್ಕಾರು ಅವರ ಕೋಣೆಗೆ ಹೋದರು. ಅಲ್ಲಿ ನಾನೂ ಇದ್ದೆ.

“ಅವಕ್ಕ ಏನಾಗೇತ್ರಿ ಸರ?”

“ನಡಿಯಂಗಿಲ್ಲಲ್ರೀ, ಭಾಳ ನಿಧಾನ ಅದಾವು.”

“ಮಶೀನ್ ಚಲೋನ ಅದಾವ್ರಿ. ಒಳಗಿನ ವಿಂಡೋಸ್ ಅವಕ್ಕ ಭಾರ ಆಗೇತಿ. ಅದನ್ನ ತಗದು ಅದಕ್ಕಿಂತ ಹಗುರಾದ ಲಿನಕ್ಸ್ ಹಾಕ್ತೇನಿ. ನಡೀಲಿಲ್ಲಂದ್ರ ಆಮ್ಯಾಲ ನೀವು ಒಗೀರಿ.”

ಹಾಗೆಯೇ ಮಾಡಿದರು, ನಡೆದವು. ಅಂದಿನಿಂದ ಲ್ಯಾಬೆಲ್ಲ ಲಿನಕ್ಸ್. ವಿಂಡೋಸ್ ಇರುವ ಒಂದು ಕಂಪ್ಯೂಟರೂ ಅಲ್ಲಿ ಉಳಿಯಲಿಲ್ಲ. ಅವರ ಮನೆಯಲ್ಲೂ ಇರಲಿಲ್ಲ.

ನನ್ನ ಹೆಂಡತಿಗೆ ಮೊದಲು ಸೋತದ್ದು ಎಡಗೈ. ರೊಟ್ಟಿ ಬಡಿಯುವಾಗ ರೊಟ್ಟಿ ಒಂದೇ ಕಡೆ ತಿರುಗಹತ್ತಿತು. ಹುಬ್ಬಳ್ಳಿಯ ಡಾಕ್ಟರು ನರದ ರೋಗ ಎಂದರು. ಕೈ, ಕಾಲು, ನಾಲಿಗೆ ಒಂದೊಂದಾಗಿ ಸೋಲುತ್ತವೆ, ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ ಎಂದು ವಿವರಿಸಿದರು. ಅವರು ಹೇಳಿದ ಹಾಗೆಯೇ ಆಯಿತು. ಎರಡು ವರ್ಷದಲ್ಲಿ ಅವಳಿಗೆ ಉಳಿದದ್ದು ಕಣ್ಣು, ಕಿವಿ, ಬಲಗೈಯ ಹೆಬ್ಬೆರಳು. ಮಾತು ಪೂರ್ತಿ ಹೋಗಿತ್ತು.

ಆಗ ಒಂದು ಸೇವಾಸಂಸ್ಥೆಯವರು ಹಳೆಯದೊಂದು ಲ್ಯಾಪ್‌ಟಾಪ್ ಕೊಟ್ಟರು. ಅದಕ್ಕೆ ತಂತಿಯಿಂದ ಜೋಡಿಸಿದ ಒಂದು ಡಬ್ಬಿ, ಡಬ್ಬಿಯ ಮೇಲೆ ಅಂಗೈಯಗಲದ ಕೆಂಪು ಗುಂಡಿ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೂ ಸಾಕು. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೆಳಗುತ್ತ ಹೋಗುತ್ತವೆ. ಬೇಕಾದ ಅಕ್ಷರ ಬೆಳಗಿದಾಗ ಒತ್ತಬೇಕು. ಒಳ್ಳೆಯ ವ್ಯವಸ್ಥೆಯೇ. ಆದರೆ ಅಕ್ಷರಗಳೆಲ್ಲ ಇಂಗ್ಲಿಷಿನವು. ಅವಳು ಓದಿದ್ದು ಪುರ್ತಗೇರಿಯ ಶಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ. ಎರಡು ಸಲ ಒತ್ತಿದಳು. ಒಳಗಿನಿಂದ ಯಾವಳೋ ಇಂಗ್ಲಿಷಿನವಳು ಏನೋ ಅಂದಳು. ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಮತ್ತೆ ಗುಂಡಿ ಮುಟ್ಟಲಿಲ್ಲ.

ಅಕ್ಕಾರು ಒಂದು ದಿನ ಪುಸ್ತಕ ಮರಳಿಸಲು ಬಂದಾಗ, “ಮನ್ಯಾಗ ಹ್ಯಾಂಗದಾರ್ರಿ ಸರ?” ಎಂದು ಕೇಳಿದರು. ಎಲ್ಲರೂ ಕೇಳುತ್ತಿದ್ದರು. ನಾನು ಎಲ್ಲರಿಗೂ ಹೇಳುವಂತೆ, “ಹಂಗ ಅದಾರ್ರಿ” ಎಂದೆ. ಅವರು ಹೋಗಲಿಲ್ಲ.

“ಹಂಗ ಅಂದ್ರ ಹ್ಯಾಂಗ್ರಿ?”

ಲ್ಯಾಪ್‌ಟಾಪಿನ ಕಥೆ ಹೇಳಿದೆ. ಅಂದೇ ಮಧ್ಯಾಹ್ನ ನಮ್ಮ ಮನೆಗೆ ಬಂದರು. ಬಂದವರು ಮೊದಲು ರೋಗಿಯನ್ನು ನೋಡಲಿಲ್ಲ. ಲ್ಯಾಪ್‌ಟಾಪನ್ನು ಮಗುಚಿ ಅದರ ಬೆನ್ನ ಮೇಲಿನ ಚೀಟಿ ಓದಿದರು, ಗುಂಡಿಯ ಡಬ್ಬಿಯನ್ನು ತಿರುವಿ ನೋಡಿದರು. ಬಹಳ ಹಳೆಯ ವಿಂಡೋಸ್. ಹೊಸತನ್ನು ಹಾಕೋಣವೆಂದರೆ ಆ ಗುಂಡಿಗೆ ಹೊಸ ವಿಂಡೋಸ್ ಆಗುವುದಿಲ್ಲ, ಲಿನಕ್ಸ್ ಅಂತೂ ಇಲ್ಲವೇ ಇಲ್ಲ. ಆ ಡಬ್ಬಿ ತಯಾರಿಸುವುದನ್ನೇ ಈಗ ನಿಲ್ಲಿಸಿದ್ದಾರೆ ಎಂದು ತಿಳಿಸಿದರು. ಬೇರೆ ಗುಂಡಿಗಳನ್ನು ನಾವು ಮೊದಲೇ ನೋಡಿದ್ದೆವು. ಅವಳ ಹೆಬ್ಬೆರಳಿಗೆ ಅಷ್ಟು ಹಗುರವಾದದ್ದು ಬೇರೆ ಸಿಕ್ಕಿರಲಿಲ್ಲ.

ಆಮೇಲೆ ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕ ಕೂತರು.

“ಹೌದು ಅನ್ನಾಕ ಹ್ಯಾಂಗ ಮಾಡ್ತೀರಿ?”

ಅವಳು ಒಂದು ಸಲ ಕಣ್ಣು ಮುಚ್ಚಿ ತೆರೆದಳು.

“ಇಲ್ಲ ಅನ್ನಾಕ?”

ಎರಡು ಸಲ.

“ಈ ಇಂಗ್ಲಿಷಿನಾಕಿ ಬೇಕೇನ್ರಿ ನಿಮಗ?”

ಎರಡು ಸಲ. ಮುಚ್ಚಿದ್ದು ಬಿಗಿಯಾಗಿಯೇ ಮುಚ್ಚಿದಳು.

“ಆತು ಬಿಡ್ರಿ. ಕನ್ನಡದ್ದು ಮಾಡೂಣು” ಎಂದರು. ನಾನು ಏನೂ ಕೇಳಿರಲಿಲ್ಲ.

ನನಗೆ ಆ ಕೆಲಸದ ಒಳಗಿನದು ತಿಳಿಯುವುದಿಲ್ಲ. ಅವರು ತಿಳಿಸಿದ್ದರಲ್ಲಿ ನೆನಪಿರುವಷ್ಟು ಹೇಳುತ್ತೇನೆ. ನಾವು ಬರೆದ ಪ್ರೋಗ್ರಾಮನ್ನು ಮಶೀನು ಓಡಿಸುವ ರೂಪಕ್ಕೆ ತರುವುದು ಕಂಪೈಲರ್. ಅದು ಸಾಮಾನ್ಯವಾಗಿ ತಾನಿರುವ ಮಶೀನಿಗೆ ಹೊಂದುವ ಹಾಗೆ ತರುತ್ತದೆ. ಲಿನಕ್ಸಿನಲ್ಲಿ ಕೂತು ವಿಂಡೋಸಿಗೆ ಹೊಂದುವಂಥದ್ದು ಬೇಕಾದರೆ ಬೇರೆ ಕಂಪೈಲರ್ ಬೇಕು, ಅದರ ಜೊತೆಯ ಸಾಮಾನೂ ಬೇಕು. ಆ ಇಡೀ ಗಂಟಿಗೆ ಟೂಲ್‌ಚೈನ್ ಎನ್ನುತ್ತಾರೆ. ಅಂಥವು ಎರಡು ಅವರ ಮುಂದಿದ್ದವು. ಒಂದು ಹೊಸದು, ಒಂದು ಹಳೆಯದು. ಯಾವುದು ಆರಿಸಬೇಕು ಎಂಬುದನ್ನು ಗ್ರಂಥಾಲಯದಲ್ಲಿ ನನ್ನ ಮೇಜಿನ ಎದುರು ಕೂತು ನನಗೇ ಹೇಳಿದರು. ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲವೇನೋ.

“ವಿಂಡೋಸಿನೊಳಗ ಒಂದು ಲೈಬ್ರರಿ ಇರತೈತ್ರಿ ಸರ. ನಿಮ್ಮಂಥಾದ್ದಲ್ಲ. ಎಲ್ಲಾ ಪ್ರೋಗ್ರಾಂ ಸಣ್ಣಸಣ್ಣ ಕೆಲಸಕ್ಕ ಅದರ ಕಡೀಗೆ ಹೋಗತಾವು. ಹೊಸಾ ಟೂಲ್‌ಚೈನ್ ಹೊಸಾ ಲೈಬ್ರರಿ ಕೇಳತೈತಿ. ಅದರಾಗ ಕನ್ನಡ ಸರಳ. ನಾ ಬರದದ್ದು ಬರದಂಗ ಬರತೈತಿ. ಹಳೇದು ಹಳೇ ಲೈಬ್ರರಿ ಮ್ಯಾಲ ನಿಂತೈತಿ. ಅದು ಎಲ್ಲಾ ಮಶೀನ್‌ದಾಗೂ ಇರತೈತಿ ಖರೇ, ಕನ್ನಡ ತಿಳಿಯಂಗಿಲ್ಲ. ಒಂದೊಂದು ಅಕ್ಷರಾನೂ ನಾನ ಕೈಲೆ ಹೊಂದಿಸಿ ಕೊಡಬೇಕು.”

“ಯಾವುದು ಲಗೂ ಆಗತೈತ್ರಿ?” ಎಂದೆ.

“ಹೊಸದು.”

“ಹಂಗಾದ್ರ ಹೊಸದ ಮಾಡ್ರಿ.”

“ಆ ಮಶೀನ್ ಒಪ್ಪಬೇಕಲ್ರಿ” ಎಂದರು. ಆದರೂ ಹೊಸದನ್ನೇ ಆರಿಸಿದರು. ನನ್ನ ಮುಖ ನೋಡಿ ಆರಿಸಿದರೋ ಏನೋ, ನಾನು ಕೇಳಲಿಲ್ಲ.

ಇಪ್ಪತ್ತು ದಿನದಲ್ಲಿ ತಯಾರಾಯಿತು. ಲಿನಕ್ಸಿನೊಳಗೆ ವಿಂಡೋಸಿನ ಸೋಗು ಹಾಕುವ ಒಂದು ಪ್ರೋಗ್ರಾಂ ಇದೆಯಂತೆ. ಅದರಲ್ಲಿ ನಡೆಸಿ ತೋರಿಸಿದರು. ಪರದೆಯ ಮೇಲೆ ಅ ಆ ಇ ಈ ಬೆಳಗುತ್ತ ಹೋದವು. ಚೆನ್ನಾಗಿತ್ತು. ನಾನು ಮನೆಗೆ ಹೋಗಿ ಹೆಂಡತಿಗೆ, ನಾಳೆ ಬರುತ್ತದೆ ಎಂದು ಹೇಳಿದೆ. ಅವಳು ಒಂದು ಸಲ ಕಣ್ಣು ಮುಚ್ಚಿ ತೆರೆದಳು. ಮರುದಿನ ಬೆಳಿಗ್ಗೆ ತಲೆ ಬಾಚು ಎಂಬಂತೆ ಬಾಚಣಿಗೆಯ ಕಡೆ ನೋಡಿದಳು. ಬಾಚಿದೆ.

ಅಕ್ಕಾರು ಪೆನ್‌ಡ್ರೈವ್ ಹಾಕಿದರು. ಪ್ರೋಗ್ರಾಂ ತೆರೆಯಲಿಲ್ಲ. ಒಂದು ಸಣ್ಣ ಚೌಕ ಬಂತು, ಅದರಲ್ಲಿ ಇಂಥ ಫೈಲು ಇಲ್ಲ ಎಂದಿತ್ತು. ಇಲ್ಲದ ಫೈಲನ್ನು ಜೊತೆಗೆ ಕೊಟ್ಟು ನೋಡಿದರು. ಮತ್ತೊಂದು ಚೌಕ ಬಂತು. ಒಂದು ತಾಸು ಹಾಗೆಯೇ ನಡೆಯಿತು. ಕೊನೆಗೆ ಅವರು ನೋಟುಬುಕ್ಕು ತೆಗೆದು ಆ ಚೌಕದೊಳಗಿನದನ್ನು ಒಂದಕ್ಷರ ಬಿಡದೆ ಬರೆದುಕೊಂಡರು. ಬರೆದು ಮುಗಿಸಿ, ನನಗಲ್ಲ, ನನ್ನ ಹೆಂಡತಿಗೆ ಹೇಳಿದರು:

“ಇದು ನನ್ನ ತಪ್ಪ್ರಿ. ಸೋಗಿನ ಮಶೀನಿನ್ಯಾಗ ನಡೀತು ಅಂತ ನಂಬಿದೆ. ಖರೇ ಮಶೀನಿನ ಮ್ಯಾಲ ನೋಡಿ ತರಬೇಕಾಗಿತ್ತು. ಹಳೇದ್ರಾಗ ಮದಲಿಂದ ಕಟ್ಟತೇನಿ. ಇನ್ನ ಹೊತ್ತಾಗತೈತಿ. ತಡೀತೀರಿಲ್ಲೋ?”

ಅವಳು ಅವರನ್ನೇ ನೋಡಿದಳು. ಕಣ್ಣು ಮುಚ್ಚಲಿಲ್ಲ. ಒಂದು ಸಲವೂ ಇಲ್ಲ, ಎರಡು ಸಲವೂ ಇಲ್ಲ. ಬಹಳ ಹೊತ್ತಿನ ಮೇಲೆ ಒಂದು ಸಲ ಮುಚ್ಚಿ ತೆರೆದಳು.

ವಿಷಯ ಕಾಲೇಜಿನಲ್ಲಿ ಹರಡಿತು. ಹೊಸ ಲ್ಯಾಪ್‌ಟಾಪು ಕೊಡಿಸಿಬಿಡೋಣ ಎಂದರು ಪ್ರಿನ್ಸಿಪಾಲರು. ಗುಂಡಿ ನಡೆಯುವುದಿಲ್ಲ ಎಂದು ಅಕ್ಕಾರು ಹೇಳಿದರು. ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನಿನಲ್ಲಿ, ಹೇಗೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಎಲ್ಲರೂ ಬರೆಯುತ್ತಾರಲ್ಲ, ಹಾಗೆ ಮಾಡಿಬಿಡಿ, ಎರಡು ದಿನದ ಕೆಲಸ ಎಂದಳಂತೆ. ನಾನೂ ಅದನ್ನೇ ಹೇಳಿದೆ. ಅಕ್ಕಾರು ನನ್ನನ್ನು ನೋಡಿ ಕೇಳಿದರು:

“ಸರ, ನಿಮ್ಮ ಮನಿಯವ್ರು ಎಂದರ ಇಂಗ್ಲಿಷ್ ಅಕ್ಷರದಾಗ ನಿಮಗ ಬೈದಾರೇನ್ರಿ?”

“ಇಲ್ರಿ.”

“ಮತ್ತ ಈಗ ಯಾಕ ಬೈಬೇಕು?”

ಬರೇ ಅಕ್ಷರಗಳಾದರೆ ಒಂದು ವಾಕ್ಯಕ್ಕೆ ಅರ್ಧ ತಾಸು ಬೇಕು. ಅವಳು ದಿನಾ ಆಡುವ ಪದಗಳನ್ನು ಮೊದಲೇ ಹಾಕಿಟ್ಟರೆ ಲಗೂ ಆಗುತ್ತದೆ, ಬರೆದು ಕೊಡಿ ಎಂದು ಹೇಳಿದರು. ನಾನು ಹಾಳೆ ಹಿಡಿದು ಕೂತೆ. ಮದುವೆಯಾಗಿ ಇಪ್ಪತ್ತೆರಡು ವರ್ಷ. ನೀರು, ಊಟ, ಚಹಾ, ಬಟ್ಟೆ, ಬಿಸಿಲು. ಒಂದು ಪುಟ ತುಂಬಲಿಲ್ಲ. ಸಾವಿರಾರು ಪುಸ್ತಕಗಳ ಹೆಸರನ್ನು ಹೆಚ್ಚು ಕಡಿಮೆ ಬಾಯಿಪಾಠ ಹೇಳಬಲ್ಲೆ. ಅವಳು ಏನು ಮಾತಾಡುತ್ತಿದ್ದಳು ಎಂಬುದು ನೆನಪಿಗೆ ಬರಲಿಲ್ಲ. ಕೊಟ್ಟ ಹಾಳೆಯನ್ನು ಅಕ್ಕಾರು ನೋಡಿದರು, ಮಡಚಿದರು.

“ಇವು ದವಾಖಾನಿ ನರ್ಸ್ ಕೇಳೂ ಪದಾ ಆದುವು. ಅವರ ತವರಮನ್ಯಾಗ ಯಾರದಾರ್ರಿ?”

ಅವಳ ತಂಗಿ ಪುರ್ತಗೇರಿಯಲ್ಲೇ ಇದ್ದಳು. ಸ್ವಂತ ಹೊಲದಲ್ಲಿ ದುಡಿಯುವವಳು. ರವಿವಾರ ಬಂದಳು. ಅಕ್ಕಾರೂ ಬಂದರು. ಇಬ್ಬರೂ ಹಾಸಿಗೆಯ ಆಚೆಗೊಬ್ಬರು ಈಚೆಗೊಬ್ಬರು ಕೂತರು. ತಂಗಿ ಹೇಳುತ್ತ ಹೋದಳು, ಅಕ್ಕಾರು ಬರೆದುಕೊಳ್ಳುತ್ತ ಹೋದರು. ಪ್ರತಿಯೊಂದಕ್ಕೂ ನನ್ನ ಹೆಂಡತಿ ಕಣ್ಣು ಮುಚ್ಚಿ ಹೌದು, ಅಲ್ಲ ಎನ್ನುತ್ತಿದ್ದಳು. ಸುಡಗಾಡು, ಹುಚ್ಚಪ್ಯಾಲಿ, ಎಷ್ಟ ಸಲ ಹೇಳಬೇಕು, ಬಿಡ ಅತ್ಲಾಗ, ನನ್ನ ಮಾತು ಯಾರ ಕೇಳತಾರ. ನಾಲ್ಕು ಹಾಳೆ ಆಯಿತು. ತಂಗಿ ಒಂದು ಕಡೆ ನಿಲ್ಲಿಸಿ, ನನ್ನ ಕಡೆ ತಿರುಗಿ, “ಮಾಮಾ, ನಿಮ್ಮ ಬಗ್ಗೆ ಅಂದದ್ದೂ ಬರಸಲ್ಯಾ?” ಎಂದಳು. ಹಾಸಿಗೆಯ ಮೇಲಿದ್ದವಳು ಒಂದು ಸಲ ಕಣ್ಣು ಮುಚ್ಚಿ ತೆರೆದಳು. ಇಬ್ಬರೂ ನಕ್ಕರು. ನಾನು ಅಡಿಗೆಮನೆಗೆ ಹೋಗಿ ಚಹಾಕ್ಕಿಟ್ಟೆ.

ದನಿಯೂ ಬೇಕಿತ್ತು. ನನ್ನ ಹೆಂಡತಿಯ ದನಿ ಎಲ್ಲಿಯೂ ಹಿಡಿದಿಟ್ಟಿರಲಿಲ್ಲ. ತಂಗಿಯದು ಹೆಚ್ಚು ಕಡಿಮೆ ಅದೇ ದನಿ. ಮುಂದಿನ ಮೂರು ರವಿವಾರ ತಂಗಿ ಆ ಪದಗಳನ್ನೆಲ್ಲ ಹೇಳಿದಳು. ಆಮೇಲೆ ಕ ಕಾ ಕಿ ಕೀ ಎಂದು ಇಡೀ ಕಾಗುಣಿತದ ಬಳ್ಳಿಯನ್ನು ಹೇಳಿದಳು, ಪಟ್ಟಿಯಲ್ಲಿ ಇಲ್ಲದ ಪದವನ್ನು ಕೂಡಿಸಿ ಆಡಲು. ಅಕ್ಕಾರು ಮೊಬೈಲಿನಲ್ಲಿ ತುಂಬಿಕೊಂಡರು. ಹೊರಗೆ ಟ್ರ್ಯಾಕ್ಟರ್ ಹೋದರೆ ಮತ್ತೆ ಹೇಳಿಸುತ್ತಿದ್ದರು.

ಈ ಸಲ ಅಕ್ಕಾರು ಸೋಗಿನ ಮಶೀನನ್ನು ನಂಬಲಿಲ್ಲ. ನರಗುಂದದಲ್ಲಿ ಅವರ ಪರಿಚಯದವರ ಫೋಟೋ ಸ್ಟುಡಿಯೋ ಇತ್ತು. ಅಲ್ಲಿ ಅಷ್ಟೇ ಹಳೆಯ ವಿಂಡೋಸಿನ ಒಂದು ಕಂಪ್ಯೂಟರ್ ಇನ್ನೂ ನಡೆಯುತ್ತಿತ್ತು. ಒಂದಿಷ್ಟು ಕಟ್ಟಿದೊಡನೆ ಅಕ್ಕಾರು ಗಜೇಂದ್ರಗಡದಿಂದ ರೋಣಕ್ಕೆ ಒಂದು ಬಸ್ಸು, ರೋಣದಿಂದ ನರಗುಂದಕ್ಕೆ ಇನ್ನೊಂದು ಬಸ್ಸು ಹಿಡಿದು ಹೋಗಿ ಹಾಕಿ ನೋಡುತ್ತಿದ್ದರು. ಒಮ್ಮೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಬಂದವು. ಒಮ್ಮೆ ಅಕ್ಷರದ ಬದಲು ಬರೀ ಚೌಕಗಳು. ಒಮ್ಮೆ ಎಲ್ಲ ಸರಿ ಇದ್ದು ದನಿ ಹೊರಡಲಿಲ್ಲ. ಸೋಮವಾರ ಬಂದು ನನಗೆ ಹೇಳುತ್ತಿದ್ದರು, “ಈ ವಾರ ‘ಕ್ಕ’ ಸರಿಯಾತ್ರಿ.” ಅವರ ಮುಖದಲ್ಲಿ ದಣಿವಾಗಲಿ ಖುಷಿಯಾಗಲಿ ಕಾಣುತ್ತಿರಲಿಲ್ಲ. ಎರಡೂವರೆ ತಿಂಗಳು ಹಿಡಿಯಿತು.

ಅಷ್ಟರಲ್ಲಿ ಹೆಂಡತಿಗೆ ಉಸಿರು ಕಷ್ಟವಾಗಹತ್ತಿತ್ತು. ಗಂಟಲಿಗೆ ತೂತು ಮಾಡಿ ಉಸಿರಿನ ಮಶೀನು ಜೋಡಿಸಬೇಕು, ಆಮೇಲೆ ಅದರ ಮೇಲೆಯೇ ಇರಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾನು, ನನ್ನ ಅಣ್ಣ ಕೂತು ಮಾತಾಡಿ, ಮಾಡಿಸುವುದೆಂದು ನಿರ್ಧರಿಸಿದೆವು. ಹುಬ್ಬಳ್ಳಿಗೆ ಹೋಗುವ ದಿನವೂ ಗೊತ್ತಾಯಿತು.

ಅದಕ್ಕೆ ಮೂರು ದಿನ ಮುಂಚೆ ಅಕ್ಕಾರು ಬಂದು ಪೆನ್‌ಡ್ರೈವ್ ಹಾಕಿದರು. ತೆರೆಯಿತು. ಮೇಲೆ ಪದಗಳು, ಕೆಳಗೆ ಅಕ್ಷರಗಳು, ಎಲ್ಲ ದುಂಡಗೆ ಕನ್ನಡ. ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟರು. ನನ್ನ ಅಣ್ಣ, ನಾನು, ಅವಳ ತಂಗಿ ಎಲ್ಲರೂ ನಿಂತಿದ್ದೆವು. ಅವಳು ಪದಗಳ ಕಡೆ ಹೋಗಲೇ ಇಲ್ಲ. ಅಕ್ಷರಗಳಿಗೇ ಇಳಿದಳು. ಕಾಲು ತಾಸಾದರೂ ಆಗಿರಬೇಕು. ಆಮೇಲೆ ಪುರ್ತಗೇರಿಯ ತಂಗಿಯ ದನಿಯಲ್ಲಿ ಲ್ಯಾಪ್‌ಟಾಪು ಹೇಳಿತು:

“ನನ್ನ ಕೇಳ್ರಿ.”

ಅಕ್ಕಾರೇ ಕೇಳಿದರು, “ಏನ್ ಕೇಳಬೇಕ್ರಿ?”

ಮತ್ತೆ ಬಹಳ ಹೊತ್ತು. “ಗಂಟಲಾ ಕೊಯ್ಯಬ್ಯಾಡ್ರಿ. ಮಶೀನ ಬ್ಯಾಡ. ಮನ್ಯಾಗ ಇರ್ತೇನಿ.”

ಅಣ್ಣ, “ಆಕಿಗೇನ ತಿಳೀತೈತಿ” ಎಂದು ಹೊರಗೆ ಹೋದ. ನಾನು ಅವಳ ಹತ್ತಿರ ಕೂತು ವಾದಿಸಿದೆ. ಒಂದು ದಿನ ವಾದಿಸಿದೆ. ನಾನು ಹತ್ತು ವಾಕ್ಯ ಹೇಳಿದರೆ ಅವಳು ಒಂದು ಪದ ಒತ್ತುತ್ತಿದ್ದಳು. “ಬ್ಯಾಡ.” ಅದು ಪಟ್ಟಿಯಲ್ಲಿದ್ದ ಪದ. ಅದಕ್ಕೊಂದು ಒತ್ತು, ‘ಹೇಳು’ ಎಂಬುದಕ್ಕೊಂದು ಒತ್ತು.

ಮರುದಿನ ನಾನು ಲ್ಯಾಬಿಗೆ ಹೋದೆ. ಅಕ್ಕಾರು ಕೀಬೋರ್ಡ್ ಒರೆಸುತ್ತಿದ್ದರು.

“ನೀವು ಇದನ್ನ ಮಾಡಬಾರದಿತ್ರಿ” ಎಂದೆ.

ಅವರು ಒರೆಸುವುದು ನಿಲ್ಲಿಸಿದರು.

“ಆಕಿಗೆ ನೀರ ಕೇಳಾಕ, ಹೊಳ್ಳಿಸಿ ಮಲಗಸ್ರಿ ಅನ್ನಾಕ ಆಗಲಿ ಅಂತ ಒಪ್ಪಿದ್ದೆ. ಇದಕ್ಕಲ್ಲ.”

“ಮಾತು ಬಂದ ಮ್ಯಾಲ ನಮಗ ಬೇಕಾದ್ದಷ್ಟ ಆಡಬೇಕು ಅಂದ್ರ ಹ್ಯಾಂಗ್ರಿ ಸರ?”

“ಸಾಯ್ತಾಳ್ರೀ ಆಕಿ.”

“ಹೌದ್ರಿ” ಎಂದರು. ಅಷ್ಟೇ ಹೇಳಿದರು. ಸಮಾಧಾನದ ಒಂದು ಮಾತೂ ಸೇರಿಸಲಿಲ್ಲ.

ಹುಬ್ಬಳ್ಳಿಗೆ ಹೋಗಲಿಲ್ಲ. ಅವಳು ಹೇಳಿದ್ದನ್ನು ಕೇಳಿದೆ ಎಂದು ಹೆಮ್ಮೆಯಿಂದೇನೂ ಹೇಳುತ್ತಿಲ್ಲ. ಒತ್ತಾಯದಿಂದ ಎತ್ತಿಕೊಂಡು ಹೋಗುವಷ್ಟು ಧೈರ್ಯ ನನಗಿರಲಿಲ್ಲ. ನಾಲ್ಕು ತಿಂಗಳು ಬದುಕಿದಳು. ಆ ನಾಲ್ಕು ತಿಂಗಳಲ್ಲಿ ಅವಳು ಆಡಿದಷ್ಟು ಮಾತನ್ನು ನಾನು ಅದಕ್ಕೆ ಮೊದಲು ಲಕ್ಷ್ಯಕೊಟ್ಟು ಕೇಳಿದ್ದಿಲ್ಲ. ಬೈದಳು. ಮಕ್ಕಳು ಮೊಮ್ಮಕ್ಕಳಿಲ್ಲದ ಮನೆಯಲ್ಲಿ ತಂಗಿಯ ಮೊಮ್ಮಗಳಿಗೆ ಹೆಸರಿಟ್ಟಳು. ಉಪ್ಪು ಹೆಚ್ಚಾಗಿದೆ ಎಂದಳು. ಉಣ್ಣುತ್ತಿದ್ದವನು ನಾನು, ವಾಸನೆಯಿಂದಲೇ ಹೇಳಿದಳು. ಅಕ್ಕಾರು ತಿಂಗಳಿಗೊಮ್ಮೆ ಬಂದು ಹೊಸ ಪದ ಹಾಕಿ ಹೋಗುತ್ತಿದ್ದರು. ಅವರು ಬಂದರೆ ನಾನು ಹೊರಗೆ ಹೋಗುತ್ತಿದ್ದೆ. ಕಾಲೇಜಿನಲ್ಲೂ ಮಾತು ಬಿಟ್ಟಿದ್ದೆ. ಅವರು ಎಂದಿನ ಹಾಗೆ ಪುಸ್ತಕ ಒಯ್ದರು, ತಂದರು. ನಾನು ಚೀಟಿ ಬರೆದೆ.

ಅವಳು ಒಂದು ಮಧ್ಯಾಹ್ನ ಹೋದಳು. ಮಣ್ಣಿಗೆ ಅಕ್ಕಾರು ಬಂದಿದ್ದರು. ದೂರದಲ್ಲಿ ನಿಂತು ಹೋದರು. ನಾನು ಅಳಲಿಲ್ಲ. ಆಮೇಲೂ ಅಳು ಬರಲಿಲ್ಲ.

ಅಕ್ಕಾರ ನಿವೃತ್ತಿಯಾಗಿ ಎರಡು ವಾರಕ್ಕೆ ಅವರ ಫೋನು ಬಂತು.

“ಅಸೂಟಿಯೊಳಗ ಒಬ್ಬ ಅಜ್ಜಾರಿಗೆ ಲಕ್ವಾ ಹೊಡದು ಮಾತು ಹೋಗೇತ್ರಿ ಸರ. ಓದಾಕ ಬರೀಯಾಕ ಎಲ್ಲಾ ತಿಳೀತೈತಿ. ಮನಿ ಮಂದಿಗೆ ಆ ಪ್ರೋಗ್ರಾಂ ಹ್ಯಾಂಗ ನಡಸಬೇಕು ಅಂತ ಹೇಳಿಕೊಡಬೇಕು. ನಿಮಗದು ರೂಢಿ ಐತಿ. ಬರ್ತೀರೇನ್ರಿ?”

ಬರುವುದಿಲ್ಲ ಎನ್ನಲು ಕಾರಣ ಸಿಗಲಿಲ್ಲ. ಹೋದೆ.

ಅಜ್ಜ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಸೊಸೆ ಪಕ್ಕದಲ್ಲಿದ್ದಳು. ಅವರ ಮನೆಯ ಕಂಪ್ಯೂಟರಿನದು ಹೊಸ ವಿಂಡೋಸ್. ಹಳೆಯದಕ್ಕೆಂದು ಕಟ್ಟಿದ್ದು ಅದರಲ್ಲೂ ಏನೂ ಬದಲಿಸದೆ ತೆರೆಯಿತು. “ಹಳೇದರಾಗ ಕಟ್ಟಿದ್ದಕ್ಕ ಇಷ್ಟು ಲಾಭ ಆತು ನೋಡ್ರಿ, ಎಲ್ಲಾದ್ರಾಗೂ ನಡೀತೈತಿ” ಎಂದರು ಅಕ್ಕಾರು. ಅಜ್ಜನ ಎಡಗೈ ಬೆರಳಿಗೆ ಸಾದಾ ಮೌಸ್ ಸಾಕಾಯಿತು. ದನಿ ಮಾತ್ರ ಇನ್ನೂ ಬದಲಿಸಿರಲಿಲ್ಲ. ನನ್ನ ನಾದಿನಿಯ ದನಿಯೇ ಇತ್ತು. ಮುಂದಿನ ವಾರ ಅಜ್ಜನ ತಮ್ಮನಿಂದ ಹೇಳಿಸುವುದಿತ್ತು.

ಅಕ್ಕಾರು ಸೊಸೆಗೆ ತೋರಿಸಿಕೊಡುತ್ತಿದ್ದರು. “ನೋಡವಾ, ಅಕ್ಷರ ಆರಿಸಿದಾಗ ಬರೇ ಪರದೆ ಮ್ಯಾಲ ಬರತೈತಿ. ಬಾಯಿ ಬಿಡಂಗಿಲ್ಲ. ಮಾತು ಮುಗೀತು ಅಂತ ಅವರಿಗೆ ಅನಿಸಿದ ಮ್ಯಾಲ ಕಡೀಕ ‘ಹೇಳು’ ಅನ್ನೂದನ್ನ ಒತ್ತಬೇಕು. ಅದನ್ನ ಒತ್ತಿದರನ ಮಾತಾಡತೈತಿ. ನಡುವ ನೀವು ಬಾಯಿ ಹಾಕಬ್ಯಾಡ್ರಿ.”

ನಾನು ಯಾರು, ಯಾಕೆ ಬಂದಿದ್ದೇನೆ ಎಂಬುದನ್ನು ಸೊಸೆ ಅಜ್ಜನಿಗೆ ಮೊದಲೇ ಹೇಳಿದ್ದಳು. ಅಜ್ಜ ನನ್ನನ್ನು ನೋಡುತ್ತ ಒತ್ತಹತ್ತಿದರು. ನಾವು ಕಾಯ್ದೆವು. ಚಹಾ ಬಂತು, ಆರಿತು. ಕೊನೆಗೆ ಒಂದು ವರ್ಷದಿಂದ ಕೇಳದಿದ್ದ ಆ ದನಿ ನನ್ನನ್ನು ಕೇಳಿತು:

“ನಿಮ್ಮ ಮನಿಯವ್ರು ಕಡೀಕ ಏನ್ ಅಂದ್ರು?”

ಸೊಸೆ, “ಮಾವಾರ, ಹಂಗ ಕೇಳಬಾರದ್ರಿ” ಎಂದಳು.

ಯಾರಿಗೂ ಹೇಳಿರಲಿಲ್ಲ. ಆ ದನಿಗೆ ಹೇಳಿದೆ. ಅಂದು ಹಿತ್ತಲಲ್ಲಿ ಬಟ್ಟೆ ಒಣಗಹಾಕುತ್ತಿದ್ದೆ. ಒಳಗಿಂದ “ಬಾ” ಎಂದು ಕೇಳಿತು. ಬಕೆಟ್ಟಿನಲ್ಲಿ ಎರಡು ಬಟ್ಟೆ ಉಳಿದಿದ್ದವು. ಹಾಕಿಯೇ ಹೋದೆ. ಹೋಗುವಷ್ಟರಲ್ಲಿ ಮುಗಿದಿತ್ತು.

“ಪೂರಾ ಆಗಿರಲಿಲ್ರಿ ಅದು” ಎಂದೆ. “ಬಾಗಲಾ ತಗೀರಿ ಅನ್ನೂದಿತ್ತೋ, ಬಾಯಾಗ ನೀರ ಹಾಕ್ರಿ ಅನ್ನೂದಿತ್ತೋ. ಬೆರಳು ಜಾರಿರಬೇಕು. ಇಪ್ಪತ್ತೆರಡು ವರ್ಷ ಆಕಿ ನನಗ ಬರ್ರಿ ಅಂತನ ಅಂದಾಳು. ಬಾ ಅಂತ ಒಂದಿನಾ ಅಂದಿಲ್ಲ.”

ಅಕ್ಕಾರು ಪರದೆಯಿಂದ ಮುಖ ತಿರುಗಿಸಿದರು.

“ಮಶೀನ್ ಮಾತಾಡಿತೇನ್ರಿ ಸರ, ಬರೇ ಪರದೆ ಮ್ಯಾಲಿತ್ತೋ?”

“ಮಾತಾಡಿತ್ರಿ. ಹಿತ್ತಲದಾಗ ಕೇಳಿಸ್ತು.”

“ಹಂಗಾದ್ರ ‘ಹೇಳು’ ಒತ್ಯಾರ. ಬೆರಳ ಜಾರಿಲ್ಲ. ಅಷ್ಟ ಇತ್ತು ಮಾತು.” ಪರದೆಯ ಮೇಲಿನ ಅಕ್ಷರಗಳನ್ನು ತೋರಿಸಿ ಹೇಳಿದರು, “ಬರ್ರಿ ಅನ್ನಾಕ ಇನ್ನೂ ನಾಕೈದು ಸಲ ಒತ್ತಬೇಕಾಗತೈತ್ರಿ.”

ಈ ನಿಯಮ ನನಗೆ ಗೊತ್ತಿರಲಿಲ್ಲ ಎಂದಲ್ಲ. ನಾಲ್ಕು ತಿಂಗಳು ದಿನವೂ ನೋಡಿದ್ದೆ. ಗೊತ್ತಿತ್ತು.

ಸಂಜೆಯ ಬಸ್ಸಿಗೆ ರೋಣಕ್ಕೆ ಬಂದೆವು. ಸ್ಟ್ಯಾಂಡಿನಲ್ಲಿ ಇಳಿದು ಮನೆಯ ಕಡೆ ಹೊರಡಬೇಕಾದವನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಗಜೇಂದ್ರಗಡದ ಬಸ್ಸು ಬಂದು ನಿಂತಿತ್ತು. ಅಕ್ಕಾರು ಅದರ ಕಡೆ ನೋಡಿದರು, ಬಂದು ನನ್ನ ಪಕ್ಕ ಕೂತರು. ಆ ಬಸ್ಸು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಅಷ್ಟು ಹೊತ್ತಿಗೆ ನಾನು ಅಳುತ್ತಿದ್ದೆ. ಸುತ್ತಲಿನ ಮಂದಿ ನೋಡುತ್ತಿದ್ದರು. ನಿಲ್ಲಿಸಲು ಬರಲಿಲ್ಲ.

“ನೀವು ಹೋಗ್ರಿ ಅಕ್ಕಾರ, ಹೊತ್ತಾತು” ಎಂದೆ.

“ಇನ್ನೂ ಬಸ್ ಅದಾವ್ರಿ ಸರ” ಎಂದರು.